ದಾನದ ಗೋಧಿಗೂ ಒಂದು ಬೆಲೆಯಿದೆ

ಅಂತಾರಾಷ್ಟ್ರೀಯ ಆಹಾರ ನೆರವಿನ ವೆಚ್ಚ ಮತ್ತು ಫಲ: ವರ್ತಕರ ದೃಷ್ಟಿಯಿಂದ ಒಂದು ಅವಲೋಕನ

ಸರಕಿನ ಖರೀದಿ ದರ ಬೇರೆ, ಅದು ಅಂಗಡಿಯ ಬಾಗಿಲಿಗೆ ಬಂದು ಬೀಳುವ ಅಸಲು ಬೇರೆ ಎಂಬುದನ್ನು ವರ್ತಕರಿಗೆ ಯಾರೂ ವಿವರಿಸಬೇಕಾಗಿಲ್ಲ. ಮಾರುಕಟ್ಟೆಯ ದರಕ್ಕೆ ದಲಾಲಿ, ಹಮಾಲಿ, ಚೀಲ, ಲಾರಿ ಬಾಡಿಗೆ, ಗೋದಾಮಿನ ಬಾಡಿಗೆ, ತೊಡಗಿಸಿದ ಹಣದ ಬಡ್ಡಿ ಮತ್ತು ದಾರಿಯಲ್ಲಿ ಆಗುವ ಸೋರಿಕೆ ಇವೆಲ್ಲ ಸೇರಿದ ಮೇಲೆಯೇ ಲಾಭ ನಷ್ಟದ ಮಾತು. ಈ ಲೆಕ್ಕವನ್ನು ಮರೆತ ವ್ಯಾಪಾರ ಒಂದು ವರ್ಷವೂ ಬಾಳಲಾರದು.

ಆದರೆ ಅಭಿವೃದ್ಧಿಶೀಲ ರಾಷ್ಟ್ರಗಳಿಗೆ ಶ್ರೀಮಂತ ರಾಷ್ಟ್ರಗಳು ನೀಡುವ ಆಹಾರ ನೆರವಿನ ವಿಷಯದಲ್ಲಿ ಇಷ್ಟು ಸರಳವಾದ ಲೆಕ್ಕ ಬಹುಕಾಲ ನಡೆಯಲೇ ಇಲ್ಲ. ಎಷ್ಟು ಲಕ್ಷ ಟನ್ ಕಳುಹಿಸಲಾಯಿತು, ಎಷ್ಟು ಕೋಟಿ ಡಾಲರ್ ವ್ಯಯಿಸಲಾಯಿತು ಎಂಬ ಅಂಕಿಗಳು ಮಾತ್ರ ಪ್ರಕಟವಾಗುತ್ತಿದ್ದವು. ಹಸಿದವನ ತಟ್ಟೆಗೆ ಒಂದು ಹೊತ್ತಿನ ಊಟ ತಲುಪಲು ಒಟ್ಟು ಎಷ್ಟು ಖರ್ಚಾಯಿತು, ಅದೇ ಹಣದಲ್ಲಿ ಬೇರೆ ರೀತಿಯಲ್ಲಿ ಎಷ್ಟು ಜನರಿಗೆ ಉಣಿಸಬಹುದಿತ್ತು ಎಂಬ ಪ್ರಶ್ನೆಗಳಿಗೆ ವ್ಯವಸ್ಥಿತ ಉತ್ತರ ದೊರೆತದ್ದು ಮುಖ್ಯವಾಗಿ 2005ರಿಂದ ಈಚೆಗೆ. ಆ ಉತ್ತರಗಳು ನಮ್ಮ ಸದಸ್ಯರು ಗಮನಿಸಬೇಕಾದಂಥವು. ಏಕೆಂದರೆ ಅವುಗಳ ಹಿಂದೆ ಕೆಲಸ ಮಾಡಿರುವುದು ಖರೀದಿ, ಸಾಗಣೆ, ದಾಸ್ತಾನು, ಗುಣಮಟ್ಟ ಎಂಬ ನಮ್ಮ ನಿತ್ಯದ ಸಂಗತಿಗಳೇ.

ಮಿಗತೆ ದಾಸ್ತಾನಿನಿಂದ ಆರಂಭ

ಇಂದಿನ ಆಹಾರ ನೆರವಿನ ಮೂಲ ಅಮೆರಿಕದ ತುಂಬಿದ ಕಣಜಗಳಲ್ಲಿದೆ. ತನ್ನ ರೈತರಿಗೆ ಬೆಂಬಲ ಬೆಲೆ ನೀಡುವ ಸಲುವಾಗಿ ಅಲ್ಲಿನ ಸರ್ಕಾರ ಕೊಂಡು ಕೂಡಿಟ್ಟ ಗೋಧಿಯನ್ನು ಇರಿಸಲು ಜಾಗ ಸಾಲದಾಯಿತು. ದಾಸ್ತಾನಿನ ವೆಚ್ಚವೂ ಏರುತ್ತ ಹೋಯಿತು. ಆಗ, 1954ರ ಜುಲೈ 10ರಂದು, ಅಧ್ಯಕ್ಷ ಐಸೆನ್‌ಹೋವರ್ ಅಂಕಿತ ಹಾಕಿದ ಕಾನೂನೇ ಮುಂದೆ ‘ಪಿ.ಎಲ್. 480’ ಎಂದು ಪ್ರಸಿದ್ಧವಾಯಿತು. ಮಿಗತೆ ಧಾನ್ಯದ ವಿಲೇವಾರಿ, ಅಮೆರಿಕದ ಕೃಷಿ ಉತ್ಪನ್ನಗಳಿಗೆ ಹೊಸ ಮಾರುಕಟ್ಟೆ, ವಿದೇಶಾಂಗ ನೀತಿಗೆ ಬೆಂಬಲ ಮತ್ತು ಹಸಿದವರಿಗೆ ಅನ್ನ, ಈ ನಾಲ್ಕೂ ಉದ್ದೇಶಗಳು ಅದರಲ್ಲಿ ಒಟ್ಟಿಗೆ ಸೇರಿಕೊಂಡಿದ್ದವು. ಒಂದೇ ಬಂಡಿಗೆ ನಾಲ್ಕು ದಿಕ್ಕಿನಿಂದ ಎತ್ತು ಕಟ್ಟಿದಂತಹ ಈ ಏರ್ಪಾಡಿನಲ್ಲಿಯೇ ಮುಂದಿನ ದುಬಾರಿ ವೆಚ್ಚದ ಬೀಜವಿತ್ತು.

ಈ ಯೋಜನೆಯ ಅತಿ ದೊಡ್ಡ ಫಲಾನುಭವಿಗಳಲ್ಲಿ ಭಾರತ ಮೊದಲ ಸಾಲಿನಲ್ಲಿತ್ತು. ಮೊದಲ ಒಪ್ಪಂದ 1956ರಲ್ಲಿ ಆಯಿತು. 1960ರ ಮೇ ತಿಂಗಳಲ್ಲಿ ಆಗಿನ ಆಹಾರ ಸಚಿವ ಎಸ್.ಕೆ. ಪಾಟೀಲರು ವಾಷಿಂಗ್ಟನ್ನಿನಲ್ಲಿ ಸಹಿ ಹಾಕಿದ ಒಪ್ಪಂದದ ಮೇರೆಗೆ ನಾಲ್ಕು ವರ್ಷಗಳಲ್ಲಿ 160 ಲಕ್ಷ ಟನ್ ಗೋಧಿ ಮತ್ತು 10 ಲಕ್ಷ ಟನ್ ಅಕ್ಕಿ ಬರುವುದೆಂದು ನಿಶ್ಚಯವಾಯಿತು. 1965 ಮತ್ತು 1966ರ ಸತತ ಬರಗಾಲದಲ್ಲಿ ನಮ್ಮ ಆಹಾರ ಧಾನ್ಯದ ಒಟ್ಟು ಆಮದು ವರ್ಷಕ್ಕೆ ಸುಮಾರು 1 ಕೋಟಿ ಟನ್ ಮುಟ್ಟಿತು. ಕೇರ್ ಸಂಸ್ಥೆಯ ಮೂಲಕ ಬಂದ ಗೋಧಿ ರವೆಯ ಉಪ್ಪಿಟ್ಟನ್ನೂ ಹಾಲಿನ ಪುಡಿಯನ್ನು ಕಲಸಿದ ಹಾಲನ್ನೂ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಸೇವಿಸಿದ ಹಿರಿಯರು ನಮ್ಮ ಓದುಗರಲ್ಲಿಯೂ ಅನೇಕರಿದ್ದಾರೆ.

ಆ ಗೋಧಿ ಲಕ್ಷಾಂತರ ಜನರ ಪ್ರಾಣ ಉಳಿಸಿತೆಂಬುದು ನಿರ್ವಿವಾದ. ಆದರೆ ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಅಧ್ಯಕ್ಷ ಜಾನ್ಸನ್ ಅವರು ಬರಗಾಲದ ನಡುವೆಯೇ ಹಡಗುಗಳಿಗೆ ತಿಂಗಳು ತಿಂಗಳಿನ ಲೆಕ್ಕದಲ್ಲಿ ಅನುಮತಿ ನೀಡುತ್ತ, ನಮ್ಮ ಕೃಷಿ ನೀತಿ ಮತ್ತು ವಿದೇಶಾಂಗ ನೀತಿಗಳ ಮೇಲೆ ಒತ್ತಡ ಹೇರಿದರು. ಗೋಧಿಗೆ ರೂಪಾಯಿಯಲ್ಲಿ ಸಂದ ಹಣ ಅಮೆರಿಕದ ಖಾತೆಯಲ್ಲಿ ನಮ್ಮಲ್ಲಿಯೇ ಬೆಳೆಯುತ್ತ ಹೋಯಿತು. 1974ರ ಫೆಬ್ರವರಿಯಲ್ಲಿ ರಾಯಭಾರಿ ಮೊಯ್ನಿಹಾನ್ ಅವರು 1,664 ಕೋಟಿ ರೂಪಾಯಿಗಳ ಚೆಕ್ಕನ್ನು ಭಾರತ ಸರ್ಕಾರಕ್ಕೆ ಹಸ್ತಾಂತರಿಸಿದ ಮೇಲೆ ಆ ಲೆಕ್ಕದ ಬಹುಭಾಗ ಚುಕ್ತವಾಯಿತು.

ಅರ್ಥಶಾಸ್ತ್ರಜ್ಞ ಟಿ.ಡಬ್ಲ್ಯು. ಷುಲ್ಟ್ಸ್ ಅವರು 1960ರಲ್ಲಿಯೇ ಇನ್ನೊಂದು ಎಚ್ಚರಿಕೆ ನೀಡಿದ್ದರು. ಅಗ್ಗದ ಧಾನ್ಯ ಹೊರಗಿನಿಂದ ಹರಿದುಬಂದರೆ ಸ್ಥಳೀಯ ಬೆಲೆ ಕುಸಿದು ರೈತನ ಉತ್ಸಾಹ ಬತ್ತುತ್ತದೆ ಎಂಬುದು ಅವರ ವಾದ. ನಮ್ಮಲ್ಲಿ ಬಹುಪಾಲು ಗೋಧಿ ನ್ಯಾಯಬೆಲೆ ಅಂಗಡಿಗಳ ಮೂಲಕ ಹಂಚಿಕೆಯಾದುದರಿಂದ ಈ ಹಾನಿ ಅವರು ಭಾವಿಸಿದಷ್ಟು ಇರಲಿಲ್ಲವೆಂದು ನಂತರದ ಕೆಲವು ಅಧ್ಯಯನಗಳು ಅಭಿಪ್ರಾಯಪಟ್ಟಿವೆ. ಅದೇನಿದ್ದರೂ ನಮ್ಮನ್ನು ಪರಾವಲಂಬನೆಯಿಂದ ಬಿಡಿಸಿದ್ದು ಬಂದ ಧಾನ್ಯವಲ್ಲ, ಬಂದ ಬೀಜ. ಸಚಿವ ಸಿ. ಸುಬ್ರಮಣ್ಯಂ ಅವರ ಕಾಲದಲ್ಲಿ, 1966ರಲ್ಲಿ, ಮೆಕ್ಸಿಕೋದಿಂದ ತರಿಸಿದ 18,000 ಟನ್ ಗೋಧಿ ಬೀಜ, ಅದರೊಡನೆ ನೀರಾವರಿ, ಗೊಬ್ಬರ ಮತ್ತು ಖಚಿತ ಖರೀದಿ ಬೆಲೆ ಇವು ಸೇರಿ 1964-65ರಲ್ಲಿ ಸುಮಾರು 123 ಲಕ್ಷ ಟನ್ ಇದ್ದ ಗೋಧಿ ಇಳುವರಿಯನ್ನು 1970-71ರ ಹೊತ್ತಿಗೆ 238 ಲಕ್ಷ ಟನ್‌ಗೆ ಏರಿಸಿದವು. 18,000 ಟನ್ ಎಂದರೆ ಆ ವರ್ಷದ ಆಮದಿನಲ್ಲಿ ಸಾವಿರಕ್ಕೆ ಎರಡು ಪಾಲೂ ಅಲ್ಲ. ನೆರವಿನ ಮೌಲ್ಯವನ್ನು ತೂಕದಿಂದ ಅಳೆಯಬಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ನೂರು ಡಾಲರಿನಲ್ಲಿ ಧಾನ್ಯವೆಷ್ಟು?

ಭಾರತ ಈ ಸಾಲಿನಿಂದ ಹೊರಬಂದ ಬಳಿಕ ಅಮೆರಿಕದ ನೆರವಿನ ಧಾನ್ಯ ಹೆಚ್ಚಾಗಿ ಆಫ್ರಿಕಾ ಖಂಡದ ಕಡೆಗೆ ಹರಿಯತೊಡಗಿತು. ನಿಯಮಗಳು ಮಾತ್ರ ಹಳೆಯವೇ ಉಳಿದವು. ಧಾನ್ಯವನ್ನು ಅಮೆರಿಕದಲ್ಲಿಯೇ ಕೊಳ್ಳಬೇಕು. ಅದರ ಒಂದು ನಿಗದಿತ ಪಾಲನ್ನು ಅಮೆರಿಕದ ಧ್ವಜ ಹೊತ್ತ ಹಡಗುಗಳಲ್ಲಿಯೇ ಸಾಗಿಸಬೇಕು. 1954ರ ಕಾನೂನಿನಂತೆ ಈ ಪಾಲು ಶೇ. 50 ಇತ್ತು. 1985ರಲ್ಲಿ ಶೇ. 75ಕ್ಕೆ ಏರಿತು. 2012ರಲ್ಲಿ ಮರಳಿ ಶೇ. 50ಕ್ಕೆ ಇಳಿಯಿತು. ಅಮೆರಿಕದ ಹಡಗುಗಳ ಬಾಡಿಗೆ ಅಂತಾರಾಷ್ಟ್ರೀಯ ಮಾರುಕಟ್ಟೆಯ ದರಕ್ಕಿಂತ ಸಾಕಷ್ಟು ಹೆಚ್ಚು. ಟೆಂಡರಿನಲ್ಲಿ ಸ್ಪರ್ಧಿಗಳ ಸಂಖ್ಯೆಯನ್ನು ಕಾನೂನಿನಿಂದಲೇ ಕಡಿಮೆ ಮಾಡಿದರೆ ದರ ಏರುವುದು ಸಹಜವಷ್ಟೆ.

ಇದರ ಫಲವೇನೆಂಬುದನ್ನು ಅಮೆರಿಕದ ಸಂಸತ್ತಿನ ಅಧೀನದಲ್ಲಿರುವ ಲೆಕ್ಕಪರಿಶೋಧನಾ ಸಂಸ್ಥೆಯೇ (ಜಿ.ಎ.ಓ.) 2007ರಲ್ಲಿ ಬಹಿರಂಗಪಡಿಸಿತು. ಅಲ್ಲಿನ ಅತಿ ದೊಡ್ಡ ತುರ್ತು ಆಹಾರ ನೆರವು ಯೋಜನೆಯಲ್ಲಿ ವೆಚ್ಚವಾದ ಹಣದ ಸುಮಾರು ಶೇ. 65 ಭಾಗ ಸಾಗಣೆ, ನಿರ್ವಹಣೆ ಮೊದಲಾದ ಖರ್ಚುಗಳಿಗೆ ಸಂದಿತ್ತು. ಅಂದರೆ ನೂರು ಡಾಲರಿನಲ್ಲಿ ಧಾನ್ಯದ ರೂಪ ತಾಳಿದ್ದು ಸುಮಾರು 35 ಡಾಲರ್. ಈ ಖರ್ಚುಗಳ ಏರಿಕೆಯೂ ಒಂದು ಕಾರಣವಾಗಿ, ಅದಕ್ಕೆ ಹಿಂದಿನ ಐದು ವರ್ಷಗಳಲ್ಲಿ ತಲುಪಿದ ಧಾನ್ಯದ ಪ್ರಮಾಣ ಅರ್ಧಕ್ಕಿಂತಲೂ ಕೆಳಗಿಳಿದಿತ್ತು.

ಶ್ರೀಮಂತ ರಾಷ್ಟ್ರಗಳ ಆರ್ಥಿಕ ಸಂಘಟನೆಯಾದ ಓ.ಇ.ಸಿ.ಡಿ. 2005ರಲ್ಲಿಯೇ ಇದೇ ದಿಕ್ಕಿನ ನಿರ್ಣಯಕ್ಕೆ ಬಂದಿತ್ತು. ದಾನಿ ರಾಷ್ಟ್ರದಿಂದಲೇ ಧಾನ್ಯ ಹೊತ್ತು ತರುವ ಪದ್ಧತಿ ಸ್ಥಳೀಯ ಖರೀದಿಗಿಂತ ಸರಾಸರಿ ಶೇ. 50ರಷ್ಟೂ, ಮೂರನೆಯ ರಾಷ್ಟ್ರದಲ್ಲಿ ಕೊಳ್ಳುವುದಕ್ಕಿಂತ ಸುಮಾರು ಶೇ. 33ರಷ್ಟೂ ದುಬಾರಿ ಎಂಬುದು ಅದರ ಲೆಕ್ಕ. 2009ರಲ್ಲಿ ಜಿ.ಎ.ಓ. ಮತ್ತೊಮ್ಮೆ ವಿಶ್ವ ಆಹಾರ ಕಾರ್ಯಕ್ರಮದ ಖರೀದಿಗಳೊಡನೆ ಹೋಲಿಸಿ ನೋಡಿತು. ಸ್ಥಳೀಯ ಖರೀದಿಯ ದರ ಸಹರಾ ಮರುಭೂಮಿಯ ದಕ್ಷಿಣದ ಆಫ್ರಿಕಾದಲ್ಲಿ ಶೇ. 34, ಏಷ್ಯಾದಲ್ಲಿ ಶೇ. 29 ಕಡಿಮೆಯಿತ್ತು. ಲ್ಯಾಟಿನ್ ಅಮೆರಿಕದಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಅದು ಅಮೆರಿಕದ ಬಂದರುಗಳಿಗೆ ಹತ್ತಿರವೆಂಬುದನ್ನು ಇಲ್ಲಿ ನೆನೆಯಬೇಕು.

ಹಣಕ್ಕಿಂತಲೂ ದೊಡ್ಡ ವ್ಯತ್ಯಾಸ ಕಂಡದ್ದು ಕಾಲದಲ್ಲಿ. ಅಮೆರಿಕದಿಂದ ಹೊರಟ ಧಾನ್ಯ ಆಫ್ರಿಕಾದ ಹತ್ತು ದೇಶಗಳಿಗೆ ತಲುಪಲು ಸರಾಸರಿ 147 ದಿನಗಳು ಹಿಡಿದರೆ, ಸ್ಥಳೀಯವಾಗಿ ಕೊಂಡ ಧಾನ್ಯಕ್ಕೆ 35 ದಿನಗಳು, ನೆರೆಯ ರಾಷ್ಟ್ರದಲ್ಲಿ ಕೊಂಡದ್ದಕ್ಕೆ 41 ದಿನಗಳು ಸಾಕಾದವು. ವ್ಯಾಪಾರದಲ್ಲಿ ವಿಳಂಬವೆಂದರೆ ಬಡ್ಡಿಯ ನಷ್ಟ. ಬರಗಾಲದಲ್ಲಿ ವಿಳಂಬವೆಂದರೆ ಎಳೆಯ ಮಕ್ಕಳ ಪ್ರಾಣ. ಐದು ತಿಂಗಳ ನಂತರ ಬಂದಿಳಿಯುವ ಧಾನ್ಯ ಹಸಿವಿನ ಕಾಲಕ್ಕೆ ಒದಗದೆ, ಕೆಲವೊಮ್ಮೆ ಮುಂದಿನ ಸುಗ್ಗಿಯ ವೇಳೆಗೆ ಬಂದು ಅಲ್ಲಿನ ರೈತನ ಬೆಲೆಯನ್ನು ಕೆಡಿಸುವ ಅಪಾಯವೂ ಉಂಟು.

ಬದಲಾವಣೆಗೆ ಅಡ್ಡಿಯೇನು?

ಇಷ್ಟು ಸ್ಪಷ್ಟವಾದ ಲೆಕ್ಕವಿದ್ದೂ ಪದ್ಧತಿ ಏಕೆ ಬದಲಾಗಲಿಲ್ಲ ಎಂಬ ಪ್ರಶ್ನೆ ಸಹಜ. 2005ರಲ್ಲಿ ಅಧ್ಯಕ್ಷ ಬುಷ್ ಅವರ ಸರ್ಕಾರ ನೆರವಿನ ಹಣದ ಕಾಲು ಭಾಗದವರೆಗೆ ಸ್ಥಳೀಯ ಖರೀದಿಗೆ ಬಳಸಲು ಅನುಮತಿ ಕೋರಿತು. ಅಮೆರಿಕದ ಸಂಸತ್ತು ಒಪ್ಪಲಿಲ್ಲ. ಧಾನ್ಯ ಮಾರುವ ಕಂಪನಿಗಳು, ಹಡಗು ಕಂಪನಿಗಳು ಮತ್ತು ನೆರವಿನ ಧಾನ್ಯವನ್ನೇ ಆಧರಿಸಿದ್ದ ಕೆಲವು ಸೇವಾ ಸಂಸ್ಥೆಗಳು, ಈ ಮೂವರ ಹಿತವೂ ಹಳೆಯ ಏರ್ಪಾಡಿನಲ್ಲಿತ್ತು.

ಅವರ ವಾದವನ್ನೂ ನ್ಯಾಯವಾಗಿ ಕೇಳಬೇಕು. ತಮ್ಮ ರೈತರಿಗೂ ನಾವಿಕರಿಗೂ ಲಾಭವಿರುವುದರಿಂದಲೇ ಸಂಸತ್ತು ಪ್ರತಿ ವರ್ಷ ಈ ಹಣ ಮಂಜೂರು ಮಾಡುತ್ತದೆ, ಆ ಲಾಭ ತಪ್ಪಿದರೆ ನೆರವೇ ನಿಂತೀತು ಎಂಬುದು ಅವರ ಆತಂಕ. ಇದನ್ನು ಸಂಪೂರ್ಣ ತಳ್ಳಿಹಾಕುವಂತಿಲ್ಲ. ಆದರೆ ಕೆನಡಾ 2008ರಲ್ಲಿ ತನ್ನ ನೆರವನ್ನು ಇಂತಹ ಕಟ್ಟುಪಾಡಿನಿಂದ ಪೂರ್ಣವಾಗಿ ಬಿಡಿಸಿತು. ಐರೋಪ್ಯ ಒಕ್ಕೂಟ 1996ರಿಂದಲೇ ಸ್ಥಳೀಯ ಖರೀದಿಯ ಕಡೆಗೆ ತಿರುಗಿತ್ತು. ಅಲ್ಲೆಲ್ಲ ಕಟ್ಟುಪಾಡು ಹೋದ ಮಾತ್ರಕ್ಕೆ ನೆರವು ನಿಲ್ಲಲಿಲ್ಲ.

ಅಮೆರಿಕವೂ 2008ರ ಕೃಷಿ ಕಾಯಿದೆಯಲ್ಲಿ 6 ಕೋಟಿ ಡಾಲರ್ ಮೊತ್ತದ ಪ್ರಾಯೋಗಿಕ ಯೋಜನೆಗೆ ಒಪ್ಪಿತು. ಅದನ್ನು ಪರಿಶೀಲಿಸಿದ ಕಾರ್ನೆಲ್ ವಿಶ್ವವಿದ್ಯಾಲಯದ ತಜ್ಞರು ಕಂಡುಕೊಂಡ ಅಂಶ ಸಣ್ಣ ಉದ್ಯಮಿಗಳಿಗೆ ಕುತೂಹಲಕಾರಿ. ಇಡಿ ಧಾನ್ಯವನ್ನು ಸ್ಥಳೀಯವಾಗಿ ಕೊಂಡಾಗ ಅರ್ಧಕ್ಕೂ ಹೆಚ್ಚು ಹಣ ಉಳಿಯಿತು. ಕಾಲದಲ್ಲಿ ಸುಮಾರು 14 ವಾರಗಳ ಉಳಿತಾಯವಾಯಿತು. ಆದರೆ ಅಡುಗೆ ಎಣ್ಣೆ, ಪೌಷ್ಟಿಕ ಮಿಶ್ರ ಹಿಟ್ಟು ಮುಂತಾದ ಸಂಸ್ಕರಿಸಿದ ಪದಾರ್ಥಗಳಲ್ಲಿ ಅಂತಹ ಉಳಿತಾಯ ಕಂಡುಬರಲಿಲ್ಲ. ಧಾನ್ಯ ಎಲ್ಲಿಯಾದರೂ ಬೆಳೆದೀತು. ಗಿರಣಿ, ಯಂತ್ರ, ಪ್ರಯೋಗಾಲಯ, ಪ್ಯಾಕಿಂಗ್ ವ್ಯವಸ್ಥೆ ಎಲ್ಲೆಡೆ ಇರುವುದಿಲ್ಲ.

ನೆರವನ್ನು ಮಾರಿ ಹಣ ಮಾಡಿದಾಗ

ದುಬಾರಿ ಪದ್ಧತಿಗಳಲ್ಲಿ ಇನ್ನೊಂದು ವಿಚಿತ್ರ ಬಗೆಯೂ ಇತ್ತು. ಸೇವಾ ಸಂಸ್ಥೆಗಳು ಅಮೆರಿಕದಿಂದ ಬಂದ ಧಾನ್ಯವನ್ನು ಬಡ ರಾಷ್ಟ್ರದ ಮಾರುಕಟ್ಟೆಯಲ್ಲಿ ಮಾರಿ, ಬಂದ ಹಣದಿಂದ ಅಲ್ಲಿ ತಮ್ಮ ಅಭಿವೃದ್ಧಿ ಕಾರ್ಯಗಳನ್ನು ನಡೆಸುತ್ತಿದ್ದವು. ಜಿ.ಎ.ಓ. 2011ರಲ್ಲಿ ಈ ಲೆಕ್ಕವನ್ನು ಬಿಡಿಸಿತು. 2008ರಿಂದ 2010ರವರೆಗಿನ ಮೂರು ವರ್ಷಗಳಲ್ಲಿ ಇಂತಹ ಧಾನ್ಯದ ಖರೀದಿ ಮತ್ತು ಸಾಗಣೆಗೆ 72.2 ಕೋಟಿ ಡಾಲರ್ ವೆಚ್ಚವಾಗಿತ್ತು. ಮಾರಾಟದಿಂದ ಬಂದದ್ದು 50.3 ಕೋಟಿ. ಉಳಿದ 21.9 ಕೋಟಿ ಡಾಲರ್ ಯಾರ ಹೊಟ್ಟೆಗೂ ಸೇರದೆ, ಯಾವ ಕೆಲಸಕ್ಕೂ ಒದಗದೆ ಕರಗಿಹೋಯಿತು. ಕೇರ್ ಸಂಸ್ಥೆ ಇದಕ್ಕೂ ಮೊದಲೇ, ವರ್ಷಕ್ಕೆ ಸುಮಾರು 4.5 ಕೋಟಿ ಡಾಲರ್ ಆದಾಯ ಕೈಬಿಟ್ಟು ಹೋಗುವುದೆಂದು ತಿಳಿದೂ, ಈ ಪದ್ಧತಿಯಿಂದ 2009ರೊಳಗೆ ಹೊರಬರುವುದಾಗಿ ಸಾರಿತ್ತು. ಇಂತಿಷ್ಟು ಧಾನ್ಯವನ್ನು ಮಾರಲೇಬೇಕೆಂಬ ಕಡ್ಡಾಯ 2018ರ ಕೃಷಿ ಕಾಯಿದೆಯೊಡನೆ ರದ್ದಾಯಿತು.

ಹಾಗೆಂದು ನೆರವಿನ ಸರಕನ್ನು ಮಾರುವುದೆಲ್ಲ ವ್ಯರ್ಥವೆನ್ನಲಾಗದು. ಅದನ್ನು ಬುದ್ಧಿವಂತಿಕೆಯಿಂದ ಮಾಡಿದ ಕೀರ್ತಿ ನಮ್ಮ ದೇಶದ್ದೇ. 1970ರಲ್ಲಿ ಆರಂಭವಾದ ‘ಆಪರೇಷನ್ ಫ್ಲಡ್’ ಯೋಜನೆಗೆ ವಿಶ್ವ ಆಹಾರ ಕಾರ್ಯಕ್ರಮದ ಮೂಲಕ 1,26,000 ಟನ್ ಕೆನೆರಹಿತ ಹಾಲಿನ ಪುಡಿ ಮತ್ತು 42,000 ಟನ್ ಬೆಣ್ಣೆ ಎಣ್ಣೆ ದಾನವಾಗಿ ಒದಗಿದವು. ಯೂರೋಪಿನಲ್ಲಿ ಅದು ಮಿಗತೆ ಸರಕು. ಅದನ್ನು ಪುಕ್ಕಟೆಯಾಗಿ ಹಂಚಿದ್ದರೆ ನಮ್ಮ ಹಾಲು ಉತ್ಪಾದಕರು ನೆಲಕಚ್ಚುತ್ತಿದ್ದರು. ವರ್ಗೀಸ್ ಕುರಿಯನ್ ಅವರ ನೇತೃತ್ವದ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಆ ಪುಡಿಯಿಂದ ತಯಾರಿಸಿದ ಹಾಲನ್ನು ಮಹಾನಗರಗಳಲ್ಲಿ ಸ್ಥಳೀಯ ಹಾಲಿನ ದರಕ್ಕೆ ಧಕ್ಕೆ ಬಾರದ ಬೆಲೆಯಲ್ಲಿ ಮಾರಿ, ಬಂದ ಹಣವನ್ನು ಹಳ್ಳಿಗಳ ಸಹಕಾರ ಸಂಘಗಳು, ಶೀತಲೀಕರಣ ಕೇಂದ್ರಗಳು ಮತ್ತು ಡೇರಿಗಳಲ್ಲಿ ತೊಡಗಿಸಿತು. ಮೊದಲ ಹಂತಕ್ಕೆ ಸುಮಾರು 116 ಕೋಟಿ ರೂಪಾಯಿ ಹೀಗೆ ಕೂಡಿಬಂದಿತು. ಅದೇ ಸಹಕಾರಿ ಮಾದರಿಯ ಮೇಲೆ ಬೆಳೆದ ನಮ್ಮ ಕರ್ನಾಟಕ ಹಾಲು ಮಹಾಮಂಡಳಿಯ ಪರಿಚಯ ಓದುಗರಿಗೆ ಬೇಕಿಲ್ಲ. ಎರಡು ನಿದರ್ಶನಗಳಿಗೂ ವ್ಯತ್ಯಾಸವಿಷ್ಟೆ: ಒಂದರಲ್ಲಿ ಮಾರಾಟದ ಹಣ ನಿತ್ಯದ ಖರ್ಚಿಗೆ ಸಂದಿತು, ಇನ್ನೊಂದರಲ್ಲಿ ಅದು ಬಂಡವಾಳವಾಗಿ, ಮುಂದೆ ದಾನವೇ ಬೇಡವಾಗುವಂತೆ ಮಾಡಿತು.

ಸ್ಥಳೀಯ ಖರೀದಿಯ ಲಾಭ ಮತ್ತು ಅಪಾಯ

ಇಥಿಯೋಪಿಯಾದ ಅನುಭವ ಇಲ್ಲಿ ಬೋಧಪ್ರದ. 2001-02ರ ಸುಮಾರಿಗೆ ಅಲ್ಲಿ ಮೆಕ್ಕೆಜೋಳದ ಸಮೃದ್ಧ ಫಸಲು ಬಂದು ಬೆಲೆ ಪಾತಾಳಕ್ಕಿಳಿಯಿತು. ಕೊಯ್ಲಿನ ಕೂಲಿಯೂ ಗಿಟ್ಟದಂತಾದ ರೈತರು ಮರುವರ್ಷ ಗೊಬ್ಬರದ ಬಳಕೆ ತಗ್ಗಿಸಿದರು. ಅದರ ಬೆನ್ನಲ್ಲೇ ಮಳೆ ಕೈಕೊಟ್ಟಿತು. 2003ರಲ್ಲಿ 1.3 ಕೋಟಿ ಜನರಿಗೆ ಆಹಾರ ನೆರವು ಬೇಕಾಯಿತು. ಮಿಗತೆಯ ವರ್ಷದಲ್ಲಿ ಕೊಳ್ಳುವವರಿಲ್ಲದೆ ಸೋತ ರೈತ, ಕೊರತೆಯ ವರ್ಷದಲ್ಲಿ ಹಡಗಿನ ಧಾನ್ಯಕ್ಕೆ ಕೈಯೊಡ್ಡಬೇಕಾಯಿತು. ಅಲ್ಲಿಯೇ ಕೊಂಡು, ಅಲ್ಲಿಯೇ ಕೂಡಿಟ್ಟು, ಅಲ್ಲಿಯೇ ಹಂಚುವ ವ್ಯವಸ್ಥೆ ಇದ್ದಿದ್ದರೆ ಎರಡು ವರ್ಷಗಳ ಸಂಕಟವೂ ಹಗುರವಾಗುತ್ತಿತ್ತು.

ಈ ವಿಚಾರವನ್ನೇ ಆಧರಿಸಿ ವಿಶ್ವ ಆಹಾರ ಕಾರ್ಯಕ್ರಮ 2008ರಿಂದ 2013ರವರೆಗೆ 20 ರಾಷ್ಟ್ರಗಳಲ್ಲಿ ಸಣ್ಣ ರೈತರ ಸಂಘಗಳಿಂದ ನೇರವಾಗಿ ಧಾನ್ಯ ಕೊಳ್ಳುವ ಪ್ರಯೋಗ ನಡೆಸಿತು. ಖಚಿತ ಗಿರಾಕಿ ದೊರೆತಲ್ಲಿ ರೈತರು ಧಾನ್ಯ ಒಣಗಿಸುವುದು, ಜರಡಿ ಹಿಡಿಯುವುದು, ಸರಿಯಾದ ತೂಕದ ಚೀಲ ಕಟ್ಟುವುದು ಮುಂತಾದ ಶಿಸ್ತನ್ನು ಕಲಿತರು. ತೊಂದರೆಗಳೂ ಇಲ್ಲದಿರಲಿಲ್ಲ. ಕರಾರಾದ ಮೇಲೆ ಮಾರುಕಟ್ಟೆ ದರ ಏರಿದರೆ ಕೆಲವರು ಸರಕನ್ನು ಹೊರಗೆ ಮಾರಿ ಕರಾರು ಮುರಿದರು. ಇದು ನಮ್ಮ ವರ್ತಕರಿಗೆ ಹೊಸ ಅನುಭವವೇನಲ್ಲ.

ಗುಣಮಟ್ಟದ ವಿಷಯದಲ್ಲಿ ಸಡಿಲವಾದರೆ ಆಗುವ ಅನಾಹುತ ಇನ್ನೂ ದೊಡ್ಡದು. 2004ರಲ್ಲಿ ಕೀನ್ಯಾ ದೇಶದಲ್ಲಿ ತೇವದಲ್ಲಿ ಶೇಖರಿಸಿದ ಸ್ಥಳೀಯ ಮೆಕ್ಕೆಜೋಳಕ್ಕೆ ಬೂಷ್ಟು ಹಿಡಿದು, ಅದರಲ್ಲಿದ್ದ ಅಫ್ಲಾಟಾಕ್ಸಿನ್ ವಿಷದಿಂದ 125 ಜನ ಮೃತಪಟ್ಟರು. ಅಗ್ಗವೆಂದು ಪರೀಕ್ಷೆಯಿಲ್ಲದೆ ಕೊಂಡ ಧಾನ್ಯ ಅಗ್ಗವಾಗಿ ಉಳಿಯಲಾರದು. ಇದಲ್ಲದೆ, ಕೊರತೆಯಿರುವ ಊರಿನಲ್ಲಿಯೇ ಭಾರಿ ಪ್ರಮಾಣದಲ್ಲಿ ಕೊಂಡರೆ ಅಲ್ಲಿನ ದರ ಏರಿ, ಪಟ್ಟಿಯಲ್ಲಿ ಹೆಸರಿಲ್ಲದ ಬಡವರು ಹಸಿಯಬೇಕಾಗುತ್ತದೆ. ಒಂದೇ ಮೂಲವನ್ನು ನಂಬುವುದೂ ಅಪಾಯವೇ. 2021ರಲ್ಲಿ ವಿಶ್ವ ಆಹಾರ ಕಾರ್ಯಕ್ರಮದ ಗೋಧಿಯಲ್ಲಿ ಅರ್ಧಕ್ಕೂ ಹೆಚ್ಚು ಉಕ್ರೇನಿನಿಂದ ಬಂದಿತ್ತು. 2022ರ ಫೆಬ್ರವರಿಯಲ್ಲಿ ಯುದ್ಧ ಆರಂಭವಾದೊಡನೆ ಆ ಅಗ್ಗದ ಬಾಗಿಲು ಮುಚ್ಚಿತು.

ಧಾನ್ಯವೋ, ನಗದೋ?

ಮಾರುಕಟ್ಟೆಯಲ್ಲಿ ಸರಕಿದ್ದು ಜನರ ಕೈಯಲ್ಲಿ ಹಣವಿಲ್ಲದಿದ್ದರೆ, ಧಾನ್ಯದ ಬದಲು ಹಣವನ್ನೇ ಕೊಡಬಾರದೇಕೆ? ಈ ಪ್ರಶ್ನೆಯನ್ನು ಈಕ್ವೆಡಾರ್, ಉಗಾಂಡ, ನೈಜರ್ ಮತ್ತು ಯೆಮೆನ್ ದೇಶಗಳಲ್ಲಿ ಪ್ರಯೋಗದ ಮೂಲಕವೇ ಪರೀಕ್ಷಿಸಲಾಯಿತು. ಈಕ್ವೆಡಾರಿನಲ್ಲಿ 40 ಡಾಲರ್ ಮೌಲ್ಯದ ನೆರವು ತಲುಪಿಸಲು ನಗದಿನ ರೂಪದಲ್ಲಾದರೆ 2.99 ಡಾಲರ್, ಕೂಪನ್ ರೂಪದಲ್ಲಾದರೆ 3.27 ಡಾಲರ್, ಧಾನ್ಯದ ರೂಪದಲ್ಲಾದರೆ 11.46 ಡಾಲರ್ ಖರ್ಚಾಯಿತು. ನಾಲ್ಕು ದೇಶಗಳ ಲೆಕ್ಕವನ್ನು ಒಟ್ಟುಗೂಡಿಸಿದಾಗ, ಎಲ್ಲರಿಗೂ ನಗದು ನೀಡಿದ್ದರೆ ಅದೇ ಹಣದಲ್ಲಿ ಶೇ. 18ರಷ್ಟು ಹೆಚ್ಚು ಜನರನ್ನು ತಲುಪಬಹುದಿತ್ತೆಂದು ಕಂಡುಬಂದಿತು. ಹಣ ಪಡೆದ ಮನೆಯವರು ಕೊಳ್ಳುವುದು ಊರಿನ ಅಂಗಡಿಯಲ್ಲಿ. ಹೀಗಾಗಿ ಅಲ್ಲಿನ ಚಿಲ್ಲರೆ ವರ್ತಕನ ವಹಿವಾಟೂ ಉಳಿಯುತ್ತದೆ.

ಆದರೆ ನೈಜರ್‌ನ ಫಲಿತಾಂಶ ಬೇರೆಯಾಗಿತ್ತು. ಕೊಯ್ಲಿನ ಮುನ್ನಿನ ಕಡುಕಷ್ಟದ ತಿಂಗಳುಗಳಲ್ಲಿ ಅಲ್ಲಿ ಹಣ ಪಡೆದವರಿಗಿಂತ ಆಹಾರ ಪದಾರ್ಥ ಪಡೆದವರ ಊಟವೇ ಹೆಚ್ಚು ವೈವಿಧ್ಯದಿಂದ ಕೂಡಿತ್ತು. ಹಣ ಪಡೆದವರು ಬೆಲೆ ಏರುವ ಮುನ್ನ ಒಮ್ಮೆಗೇ ಧಾನ್ಯ ಕೊಂಡಿಟ್ಟರು, ಮನೆಯ ದುರಸ್ತಿ ಮಾಡಿಸಿದರು. ಆಹಾರ ಹಂಚಿಕೆಗೆ ಸುಮಾರು ಶೇ. 15 ಹೆಚ್ಚು ಖರ್ಚಾದರೂ ಊಟದ ದೃಷ್ಟಿಯಿಂದ ಅದರ ಫಲ ಮಿಗಿಲಾಗಿತ್ತು. ವೆಚ್ಚ ಕಡಿಮೆ ಎಂದ ಮಾತ್ರಕ್ಕೆ ಫಲ ಹೆಚ್ಚೆಂದು ತಿಳಿಯಬಾರದು. ಅಂಗಡಿಗಳು ತೆರೆದಿರುವಲ್ಲಿ, ಸರಕು ಬರುವ ದಾರಿ ಇರುವಲ್ಲಿ ನಗದು ಲೇಸು. ಪೇಟೆಯೇ ಬರಿದಾಗಿರುವಲ್ಲಿ ಹಣ ಕೊಟ್ಟರೆ ಏರುವುದು ಬೆಲೆಯೊಂದೇ.

ದಾನಿಯಾಗಿ ಭಾರತ, ಪೂರೈಕೆದಾರರಾಗಿ ನಾವು

ಪಡೆಯುವ ಸಾಲಿನಲ್ಲಿದ್ದ ಭಾರತ ಇಂದು ಕೊಡುವ ಸಾಲಿನಲ್ಲಿಯೂ ಇದೆ. ಅಫ್ಘಾನಿಸ್ತಾನಕ್ಕೆ ನಾವು ಘೋಷಿಸಿದ 10 ಲಕ್ಷ ಟನ್ ಗೋಧಿಯ ನೆರವು ಇದಕ್ಕೆ ಒಳ್ಳೆಯ ಪಾಠ. ಪಾಕಿಸ್ತಾನದ ಮೂಲಕ ಸಾಗಣೆಗೆ ದಾರಿ ದೊರೆಯದಿದ್ದಾಗ ಆ ನೆರವಿನ ಒಂದು ಪಾಲನ್ನು ಪೌಷ್ಟಿಕ ಬಿಸ್ಕತ್ತುಗಳಾಗಿ ಮಾಡಿ, ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ಅಲ್ಲಿನ ಶಾಲಾ ಮಕ್ಕಳಿಗೆ ದಿನಕ್ಕೆ 100 ಗ್ರಾಂನಂತೆ ಹಂಚಲಾಯಿತು. ಭಾರ ಕಡಿಮೆಯಾಯಿತು, ಬಹುಕಾಲ ಬಾಳಿಕೆ ಬಂದಿತು, ಮಕ್ಕಳು ಶಾಲೆಗೆ ಬರಲು ಪ್ರೇರಣೆಯೂ ದೊರೆಯಿತು. 2017ರಲ್ಲಿ ಗೋಧಿ ಕಾಂಡ್ಲಾ ಬಂದರಿನಿಂದ ಇರಾನಿನ ಚಾಬಹಾರ್ ಮಾರ್ಗವಾಗಿ ಹೋಯಿತು. 2021ರಲ್ಲಿ ಘೋಷಿಸಿದ 50,000 ಟನ್ ನೆರವಿಗೆ 2022ರಲ್ಲಿ ಅಟ್ಟಾರಿ ಗಡಿಯೇ ತೆರೆಯಿತು. ಒಂದೇ ನೆರವಿನ ವೆಚ್ಚ ದಾರಿ ಬದಲಾದಂತೆ ಹೇಗೆ ಬದಲಾಗುತ್ತದೆಂಬುದನ್ನು ಈ ಮೂರು ಮಾರ್ಗಗಳು ತೋರಿಸುತ್ತವೆ.

ಸಂಸ್ಕರಿಸಿದ ಆಹಾರದಲ್ಲಿ ಸ್ಥಳೀಯ ಖರೀದಿ ಅಗ್ಗವಾಗಲಿಲ್ಲವೆಂಬ ಕಾರ್ನೆಲ್ ತಜ್ಞರ ಮಾತನ್ನು ಇದರೊಡನೆ ಇಟ್ಟು ನೋಡಬೇಕು. ಪೌಷ್ಟಿಕ ಹಿಟ್ಟು, ಬಿಸ್ಕತ್ತು, ಶೇಂಗಾ ಆಧಾರಿತ ಪದಾರ್ಥಗಳು ನಮ್ಮ ಆಹಾರ ಸಂಸ್ಕರಣ ಘಟಕಗಳಿಗೆ ಅಪರಿಚಿತವಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಶೇಂಗಾ ಹಿಟ್ಟು ಮತ್ತು ಕಡಲೆ ಹಿಟ್ಟಿನಿಂದ ಬಹೂಪಯೋಗಿ ಆಹಾರವನ್ನು ದಶಕಗಳ ಹಿಂದೆಯೇ ರೂಪಿಸಿತ್ತು. ಆದರೆ ಇಂತಹ ಪೂರೈಕೆಯಲ್ಲಿ ದರಕ್ಕಿಂತ ಮೊದಲು ಕೇಳುವುದು ತೇವಾಂಶ, ಅಫ್ಲಾಟಾಕ್ಸಿನ್ ಮಿತಿ, ಜೀವಸತ್ವಗಳ ಪ್ರಮಾಣ, ಬಾಳಿಕೆಯ ಅವಧಿ ಮತ್ತು ಪ್ಯಾಕಿಂಗ್ ದೃಢತೆಯನ್ನು. ಸರ್ಕಾರದ ರಫ್ತು ನೀತಿಯ ಏರಿಳಿತವನ್ನೂ ಲೆಕ್ಕಕ್ಕೆ ಹಿಡಿಯಬೇಕು. 2022ರ ಮೇ 13ರಂದು ಗೋಧಿ ರಫ್ತಿಗೆ ಒಮ್ಮಿಂದೊಮ್ಮೆಗೆ ನಿಷೇಧ ಬಂದದ್ದು ವರ್ತಕರಿಗೆ ಮರೆತಿಲ್ಲ. ಬೇರೆ ರಾಷ್ಟ್ರಗಳ ಆಹಾರ ಭದ್ರತೆಗಾಗಿ ಅಲ್ಲಿನ ಸರ್ಕಾರಗಳು ಕೋರಿದಾಗ ಕಳುಹಿಸಲು ಆ ಆದೇಶದಲ್ಲಿ ಅವಕಾಶವಿತ್ತು.

ನೆರವು ಕುಗ್ಗಿದಾಗ ಲೆಕ್ಕ ಇನ್ನೂ ಬಿಗಿಯಾಗಬೇಕು

2025ರ ಜನವರಿಯಲ್ಲಿ ಅಮೆರಿಕದ ಹೊಸ ಸರ್ಕಾರ ವಿದೇಶಿ ನೆರವನ್ನು ತಡೆಹಿಡಿಯಿತು. ಜುಲೈ 1ರಂದು ಯುಎಸ್‌ಏಡ್ ಸಂಸ್ಥೆಯ ಕಾರ್ಯಗಳು ವಿದೇಶಾಂಗ ಇಲಾಖೆಗೆ ಸೇರಿದವು. ಅದೇ ತಿಂಗಳು ದುಬೈ ಗೋದಾಮಿನಲ್ಲಿದ್ದ, ಸುಮಾರು 8 ಲಕ್ಷ ಡಾಲರ್ ಮೌಲ್ಯದ 500 ಟನ್ನಿನಷ್ಟು ಪೌಷ್ಟಿಕ ಬಿಸ್ಕತ್ತು ಹಂಚಿಕೆಯಾಗದೆ ಅವಧಿ ಮೀರಿತೆಂದೂ, ಅದನ್ನು ನಾಶಪಡಿಸಲು ಮತ್ತೆ ಲಕ್ಷಕ್ಕೂ ಹೆಚ್ಚು ಡಾಲರ್ ಖರ್ಚು ಮಾಡಬೇಕಾಯಿತೆಂದೂ ಪತ್ರಿಕೆಗಳಲ್ಲಿ ವರದಿಯಾಯಿತು. ಮಿತವ್ಯಯದ ಹೆಸರಿನಲ್ಲಿ ಆಡಳಿತ ನಿಂತಾಗ ದಾಸ್ತಾನು ಹೇಗೆ ಮಣ್ಣುಪಾಲಾಗುತ್ತದೆಂಬುದಕ್ಕೆ ಇದು ಸಾಕ್ಷಿ. ದುಂದು ತಪ್ಪಿಸುವುದು ಬೇರೆ, ಕೈತೊಳೆದುಕೊಳ್ಳುವುದು ಬೇರೆ. ನೆರವಿನ ಪದ್ಧತಿ ದುಬಾರಿ ಎಂಬ ಲೆಕ್ಕಗಳನ್ನು ನೆರವೇ ಬೇಡವೆಂಬ ವಾದಕ್ಕೆ ಬಳಸುವುದು ಅಪಚಾರವಾದೀತು. ಅದೇ ಹಣದಲ್ಲಿ ಹೆಚ್ಚು ಜನರಿಗೆ ಉಣಿಸಬಹುದೆಂಬುದೇ ಆ ಲೆಕ್ಕಗಳ ತಾತ್ಪರ್ಯ.

ಒಟ್ಟಿನಲ್ಲಿ ಯಾವುದೇ ಆಹಾರ ನೆರವನ್ನು ಐದು ಪ್ರಶ್ನೆಗಳಿಂದ ಪರೀಕ್ಷಿಸಬಹುದು:

1. ಫಲಾನುಭವಿಯ ಕೈ ಸೇರುವ ಹೊತ್ತಿಗೆ ಒಂದು ಕಿಲೋಗ್ರಾಂಗೆ ಒಟ್ಟು ಎಷ್ಟು ವೆಚ್ಚವಾಯಿತು?
2. ಹಸಿವಿನ ಕಾಲಕ್ಕೆ ಸರಿಯಾಗಿ ತಲುಪಿತೇ, ಸುಗ್ಗಿಯ ಕಾಲಕ್ಕೆ ತಲುಪಿತೇ?
3. ಅದೇ ಪ್ರಾಂತ್ಯದಲ್ಲಿ ಕೊಳ್ಳಲು ಸರಕು ದೊರೆಯುತ್ತಿರಲಿಲ್ಲವೇ? ದೊರೆತರೆ ಅದರ ಗುಣಮಟ್ಟ ಪರೀಕ್ಷಿತವೇ?
4. ಅಂಗಡಿಗಳು ನಡೆಯುತ್ತಿದ್ದರೆ ನಗದು ಅಥವಾ ಕೂಪನ್ ಸಾಕಾಗುತ್ತಿರಲಿಲ್ಲವೇ?
5. ಮುಂದಿನ ವರ್ಷ ನೆರವಿನ ಅಗತ್ಯವನ್ನು ತಗ್ಗಿಸುವ ಯಾವುದಾದರೂ ಆಸ್ತಿ ಇದರಿಂದ ನಿರ್ಮಾಣವಾಯಿತೇ?

ನೆರೆ ಬಂದಾಗ, ಬರ ಬಿದ್ದಾಗ ವಾಣಿಜ್ಯ ಸಂಸ್ಥೆಗಳೂ ಲಾರಿಗಟ್ಟಲೆ ಪರಿಹಾರ ಸಾಮಗ್ರಿ ಕಳುಹಿಸುವ ರೂಢಿ ನಮ್ಮಲ್ಲಿದೆ. ಮುಂದಿನ ಬಾರಿ ಲಾರಿ ತುಂಬಿಸುವ ಮುನ್ನ ಸಂತ್ರಸ್ತ ತಾಲೂಕಿನ ವರ್ತಕರ ಸಂಘಕ್ಕೆ ದೂರವಾಣಿ ಮಾಡಿ, ಅಲ್ಲಿ ಯಾವ ಅಂಗಡಿಗಳು ತೆರೆದಿವೆ, ಯಾವ ಸರಕು ಅಲ್ಲಿಯೇ ದೊರೆಯುತ್ತದೆ ಎಂದು ವಿಚಾರಿಸುವುದು ಒಳ್ಳೆಯದು. ಅಕ್ಕಿ ಅಲ್ಲಿಯೇ ಸಿಗುವುದಾದರೆ ಇಲ್ಲಿಂದ ಹಣ ಕಳುಹಿಸೋಣ. ಕುಡಿಯುವ ನೀರು ಮತ್ತು ಔಷಧಿ ಮಾತ್ರ ಸಿಗದಿದ್ದರೆ ಲಾರಿಯಲ್ಲಿ ಅವನ್ನೇ ತುಂಬೋಣ. ವರ್ತಕನ ಲೆಕ್ಕ ಇಲ್ಲಿ ದಯೆಗೆ ವಿರೋಧಿಯಾಗುವುದಿಲ್ಲ. ಕೊಟ್ಟ ಪ್ರತಿ ರೂಪಾಯಿಯೂ ಹಸಿದವನ ತಟ್ಟೆಯವರೆಗೆ ಹೋಗುವಂತೆ ನೋಡಿಕೊಳ್ಳುವುದು ಆ ಲೆಕ್ಕವೇ.